ಕೆರೆಗೆ ಬಾಗಿಲಿಟ್ಟ ಗಾಳಿಬಂಗಲೆ

ದಿನಪತ್ರಿಕೆಯನ್ನು ಓದುವುದಕ್ಕೆ ಮೊದಲು ಮೂಸಿ ನೋಡುವ ಚಾಳಿ ನನಗಿದೆಯಂತೆ. ನನಗೇ ಗೊತ್ತಿರಲಿಲ್ಲ. ಮೊನ್ನೆ ಮನೆಗೆ ಬಂದಿದ್ದ ನನ್ನ ಬಾಮೈದ ಕಂಡುಹಿಡಿದ. ನಾನು ಪೇಪರ್ ಬಿಡಿಸಿ, ಮೂಗಿನ ಹತ್ತಿರ ಒಯ್ದು, ಮುಖ ಪಕ್ಕಕ್ಕೆ ತಿರುಗಿಸಿ, ಸೀನು ಬರುತ್ತದೋ ಇಲ್ಲವೋ ಎಂದು ಒಂದು ಗಳಿಗೆ ಕಾದು, ಆಮೇಲಷ್ಟೇ ಮೊದಲ ಪುಟಕ್ಕೆ ಕಣ್ಣು ಹಾಕಿದೆನಂತೆ.

"ಏನ್ ಭಾವ, ಸುದ್ದಿ ಹಳಸಿದೆಯಾ ಅಂತ ನೋಡ್ತೀರಾ?" ಅಂದ.

ಒಳಗಿನಿಂದ ನನ್ನ ಹೆಂಡತಿ, "ಮದುವೆ ಆದಾಗಿನಿಂದ ಹಂಗೇ ಕಣೋ. ಸಾರು ಮೂಸದೆ ಉಣ್ತಾರೆ, ಪೇಪರ್ ಮಾತ್ರ ಮೂಸದೆ ಓದಲ್ಲ" ಅಂದಳು.

ಇಬ್ಬರೂ ನಕ್ಕರು. ನನಗೆ ರೇಗಿತು. ರೇಗಿದ್ದು ಅವರ ಮೇಲಲ್ಲ, ಗಾಳಿಬಂಗಲೆಯ ಮೇಲೆ. ಹತ್ತು ಹನ್ನೊಂದು ವರ್ಷಗಳಾದವು, ಆ ಬಂಗಲೆಯ ಹೆಸರು ನೆನಪಾದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ನಮ್ಮದು ಸಿರಾ ಕಡೆಯ ಒಂದು ಪೇಟೆ ಊರು. ಹೆಸರು ಬೇಡ. ಆ ಬಂಗಲೆಯ ದುರಸ್ತಿ ಕಮಿಟಿಯಲ್ಲಿದ್ದವರು ಈಗಲೂ ನನ್ನನ್ನು ಬಸ್‌ಸ್ಟ್ಯಾಂಡಿನಲ್ಲಿ ಕಂಡರೆ ನಿಲ್ಲಿಸಿ ಕಾಫಿ ಕುಡಿಸುತ್ತಾರೆ. ಒಂದು ಪ್ರಬಂಧಕ್ಕಾಗಿ ಅದನ್ನು ಕಳೆದುಕೊಳ್ಳಲು ನಾನು ತಯಾರಿಲ್ಲ. ಊರಿನ ಪಡುವಲಿಗೆ ಕೆರೆ. ಕೆರೆಯ ಅಂಚಿನಲ್ಲಿ, ಏರಿ ಪೇಟೆಬೀದಿಗೆ ಬಂದು ಸೇರುವ ಮೂಲೆಯಲ್ಲಿ, ಎರಡು ಅಂತಸ್ತಿನ ಗಾರೆಯ ಕಟ್ಟಡ. ನವಾಬರ ಕಾಲದಲ್ಲಿ ಯಾರೋ ಸುಬೇದಾರ ಸಂಜೆ ಹೊತ್ತು ನೀರಿನ ಮೇಲಿನ ಗಾಳಿ ತಗೊಳ್ಳೋಕೆ ಅಂತ ಕಟ್ಟಿಸಿದನಂತೆ. ಕೆಳಗೆ ಕೆರೆಗೆ ಮುಖ ಮಾಡಿದ ನಾಲ್ಕು ಕಮಾನು, ಕಮಾನಿನಿಂದ ಕೆರೆಗೆ ಇಳಿಯುವ ಕಲ್ಲುಮೆಟ್ಟಿಲು, ಮೇಲೆ ಒಂದು ಉದ್ದನೆಯ ಹಾಲು, ಅದಕ್ಕೆ ಸುತ್ತ ಕಿಟಕಿ. ಮೇಲಕ್ಕೆ ಹತ್ತಲು ಬೀದಿ ಕಡೆಯಿಂದ ಹೊರಮೆಟ್ಟಿಲು. ಸುಬೇದಾರ ಹೋದ, ನೀರೂ ಹೋಯಿತು, ಗಾಳಿ ಮಾತ್ರ ಉಳಿಯಿತು. ಅದಕ್ಕೇ ಗಾಳಿಬಂಗಲೆ.

ನೀರು ಹೋಯಿತು ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಲೆನಾಡಿನ ಕಡೆಯ ಓದುಗರಿಗೆ ಕೆರೆ ಅಂದರೆ ನೀರು. ನಮಗೆ ಕೆರೆ ಅಂದರೆ ಮೈದಾನ. ನಾನು ಹುಟ್ಟಿದ ಮೇಲೆ ಆ ಕೆರೆಯಲ್ಲಿ ಎಮ್ಮೆ ಮುಳುಗುವಷ್ಟು ನೀರು ನೋಡಿದ್ದೇ ಇಲ್ಲ. ಅಲ್ಲಿ ನಾವು ಕಬಡ್ಡಿ ಆಡಿದ್ದೇವೆ, ಸೌತೆಕಾಯಿ ಕದ್ದಿದ್ದೇವೆ, ಸರ್ಕಸ್ ಕಂಪನಿಯವರು ಬಂದು ಡೇರೆ ಹಾಕಿದಾಗ ಡೇರೆಯ ಕೆಳಗೆ ನುಸುಳಿದ್ದೇವೆ. ಮಂಗಳವಾರದ ಸಂತೆ ನಡೆಯುತ್ತಿದ್ದುದು ಕೆರೆಯಂಗಳದಲ್ಲೇ. ನಮ್ಮಪ್ಪ ಕಂಬಳಿ ನೇಯುವವನು. ಸಂತೆಯ ದಿನ ಬಂಗಲೆಯ ಮೂರನೇ ಕಮಾನಿನ ನೆರಳಲ್ಲಿ ಕಂಬಳಿ ಹಾಸಿ ಕೂರುತ್ತಿದ್ದ. ನಾನು ಅಪ್ಪನ ಬೆನ್ನಿಗೆ ಕಂಬಳಿಯ ಅಟ್ಟಿಯ ಮೇಲೆ ಕೂತು ಮಗ್ಗಿ ಉರುಹೊಡೆಯುತ್ತಿದ್ದೆ. ಉಣ್ಣೆಗೆ ಹಾಕಿದ ಹುಣಸೆಬೀಜದ ಗಂಜಿಯ ವಾಸನೆ, ಪಕ್ಕದಲ್ಲಿ ಹೊಗೆಸೊಪ್ಪಿನವನ ಘಾಟು, ಇವೆರಡರ ನಡುವೆ ಕಲಿತ ಹದಿಮೂರರ ಮಗ್ಗಿಯನ್ನು ನಾನು ಈಗಲೂ ತಪ್ಪದೆ ಹೇಳಬಲ್ಲೆ.

ನನ್ನ ಬಿ.ಎ. ವಿಚಾರ ಎರಡು ಮಾತು. ಇದನ್ನು ಹೇಳದೆ ನಾನು ಯಾವ ಪ್ರಬಂಧವನ್ನೂ ಮುಂದುವರಿಸಲಾರೆ, ಓದುಗರು ಸಹಿಸಿಕೊಳ್ಳಬೇಕು. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತದೆ ರುಜು ಹಾಕಿದ ಮೊದಲ ಮನುಷ್ಯ ನಾನು. ನಮ್ಮ ಮನೆಯಲ್ಲಿ ದೀಪ ಅಂದರೆ ಉಣ್ಣುವಷ್ಟು ಹೊತ್ತು ಉರಿಯುವ ವಸ್ತು. ಹಾಗಾಗಿ ನಾನು ಓದಿದ್ದೆಲ್ಲ ಬೇರೆಯವರ ದೀಪದಲ್ಲಿ. ಗುಡಿಯ ಜಗಲಿಯಲ್ಲಿ ಕೂತರೆ ಪೂಜಾರಪ್ಪ, "ಯಾರ ಮಗನ್ಲಾ ನೀನು?" ಅನ್ನುತ್ತಿದ್ದ. ಅಂಗಡಿ ಮುಂದೆ ಕೂತರೆ ಅಂಗಡಿಯವನು ಅದನ್ನೇ ಕೇಳುತ್ತಿದ್ದ. ಉತ್ತರ ಹೇಳಿದ ಮೇಲೆ ಇಬ್ಬರೂ ಏಳಿಸುತ್ತಿದ್ದರು. ಮುಂದೆ ಇಂಟರ್‌ಮೀಡಿಯೆಟ್‌ಗೆ ತುಮಕೂರಿಗೆ ಹೋದಾಗ ಒಂದು ವಾಚನಾಲಯದ ಒಳಕ್ಕೆ ಹೆದರಿಕೊಂಡು ಕಾಲಿಟ್ಟೆ. ಉದ್ದನೆಯ ಮೇಜು, ಬೆಂಚು, ಕೋಲಿಗೆ ಸಿಕ್ಕಿಸಿದ ಪತ್ರಿಕೆಗಳು. ಬಾಗಿಲ ಹತ್ತಿರ ಕೂತಿದ್ದ ಮುದುಕರು ತಲೆ ಎತ್ತಿದರು. ಕೇಳುತ್ತಾರೆ ಅಂದುಕೊಂಡೆ. ಅವರು ಬೆಂಚಿನ ಕಡೆ ಕೈ ತೋರಿಸಿ, ತುಟಿಯ ಮೇಲೆ ಬೆರಳಿಟ್ಟರು, ಅಷ್ಟೇ. ಯಾರ ಮಗ ಎಂದು ಕೇಳದೆ ಕೂರಿಸಿದ ಮೊದಲ ಜಾಗ ಅದು. ನಾನು ಅಲ್ಲಿ ಎರಡು ವರ್ಷ ತುಟಿ ಬಿಚ್ಚದೆ ಓದಿದೆ.

ಬೆಂಗಳೂರಿನಲ್ಲಿ ಬಿ.ಎ. ಮುಗಿಸಿ ಊರ ಮಿಡ್ಲ್ ಸ್ಕೂಲಿಗೆ ಮೇಷ್ಟ್ರಾಗಿ ಬಂದೆ. ಬರುವಾಗ ತಲೆಯಲ್ಲಿ ಇದ್ದದ್ದು ಒಂದೇ: ನಮ್ಮೂರಿಗೂ ಅಂಥದೊಂದು ವಾಚನಾಲಯ ಬೇಕು. ಯಾರು ಬಂದರೂ ಕೂರಬಹುದಾದ್ದು. ಸದ್ದಿಲ್ಲದ್ದು.

ಆಗ ದೇಶದಲ್ಲೆಲ್ಲ ಯೋಜನೆಯ ಕಾಲ. ಹಾಳುಬಿದ್ದದ್ದನ್ನೆಲ್ಲ ಎತ್ತಿ ನಿಲ್ಲಿಸುವ ಹುರುಪು. ಗಾಳಿಬಂಗಲೆಯನ್ನು ದುರಸ್ತಿ ಮಾಡಿಸಿ ಊರ ಉಪಯೋಗಕ್ಕೆ ತರಬೇಕು ಅಂತ ಊರವರೇ ಸೇರಿ ಒಂದು ಕಮಿಟಿ ಮಾಡಿಕೊಂಡರು. ಅಧ್ಯಕ್ಷರು ಪಟೇಲ್ ರಂಗಪ್ಪನವರು. ಊರಿಗೇ ದೊಡ್ಡ ಪೇಟ, ದೊಡ್ಡ ಛತ್ರಿ ಅವರದು. ಒಳ್ಳೆಯ ಮನುಷ್ಯ. ಇಲ್ಲ ಅನ್ನುವ ಮಾತು ಅವರ ಬಾಯಿಂದ ಬರುತ್ತಿರಲಿಲ್ಲ. ನಮ್ಮ ತೊಂದರೆಯೆಲ್ಲ ಅಲ್ಲಿಂದಲೇ ಶುರು.

ಕಮಿಟಿಯ ಮೊದಲ ಸಭೆಯಲ್ಲಿ ನಾನು ಎದ್ದು ನಿಂತು ವಾಚನಾಲಯದ ವಿಷಯ ಹೇಳಿದೆ. ಜ್ಞಾನ, ಪ್ರಜಾಪ್ರಭುತ್ವ ಎಂದೆಲ್ಲ ಹೇಳಿದೆ. ರಂಗಪ್ಪನವರು "ಆಗ್ಲಿ ಕಣಪ್ಪ" ಅಂದರು. ಹಾರ್ಡ್‌ವೇರ್ ಅಂಗಡಿಯ ಗಫಾರ್ ಸಾಹೇಬರು ಎದ್ದು, ಸಂತೆಗೆ ಹತ್ತಿರ ಅಂಗಡಿ ಇದ್ದರೆ ರೈತರಿಗೆ ಅನುಕೂಲ ಅಂದರು. ಅದಕ್ಕೂ "ಆಗ್ಲಿ ಸಾಬ್ರೇ." ಪಾವಗಡದ ಕಡೆಯಿಂದ ಬಂದು ನೆಲೆಸಿದ್ದ ಮೆಣಸಿನಕಾಯಿ ವ್ಯಾಪಾರದ ಸುಬ್ರಾಯಶೆಟ್ಟರು ತಮಗೊಂದು ಗೋಡೌನು ಬೇಕು ಅಂದರು. "ಆಗ್ಲಿ ಶೆಟ್ರೇ." ಕಾಫಿ ಹೋಟೆಲು, ಭಜನೆ, ಮದುವೆ ದಿಬ್ಬಣ ಇಳಿಸಲು ಜಾಗ, ಬೀಜದ ಡಿಪೋ... ಕೊನೆಗೆ ಯಾರೋ ಹೋತದ ಕಾಳಗಕ್ಕೆ ತಾಲೀಮು ಮಾಡಿಸಲು ಒಂದು ಮೂಲೆ ಕೇಳಿದರು. ಅದಕ್ಕೂ ಆಗ್ಲಿ.

ಸಭೆ ಮುಗಿದ ಮೇಲೆ ನಾನು ರಂಗಪ್ಪನವರ ಹಿಂದೆಯೇ ಓಡಿದೆ. "ಅಲ್ಲ ಯಜಮಾನ್ರೆ, ಇರೋದೊಂದು ಕಟ್ಟಡ. ಒಂದೇ ಗೂಡಿಗೆ ಇಷ್ಟು ಕೋಳಿ ಮುಚ್ಚೋದು ಹೆಂಗೆ?"

"ಕೆಳಗಡೆ ಅಂಗ್ಡಿ, ಜಗಲಿ ಮ್ಯಾಲೆ ಕಾಫಿ, ಮ್ಯಾಲಿನ ಹಾಲು ನಿಂದು. ಆಯ್ತಲ್ಲ?"

"ಶೆಟ್ಟರಿಗೂ ಮೇಲಿನ ಹಾಲೇ ಕೊಡ್ತೀನಿ ಅಂದ್ರಂತಲ್ಲ?"

ರಂಗಪ್ಪನವರು ಛತ್ರಿ ಬಿಡಿಸಿದರು. ಬಿಸಿಲಿಗಲ್ಲ, ಯೋಚನೆ ಮಾಡಲು. "ಇಂಗ್ ಮಾಡಾನ. ದೀಪಾವಳಿಗಂಟ ಹಾಲು ನಿಂತಾವ ಇರ್ಲಿ. ಓದೋ ಜನ ಬಂದ್ರೆ ಕಾಯಂ ನಿಂದೇ. ಬರ್ನಿಲ್ಲ ಅಂದ್ರೆ ಶೆಟ್ರ ಮೆಣಸಿನಕಾಯಿಗೆ. ಅಲ್ಲಿಗಂಟ ಅವ್ರ ಮೂಟೆ ಕೆಳಗಡೆ ಕಮಾನಿನಾಗೆ ಇರ್ಲಿ. ನ್ಯಾಯ ತಾನೆ?"

ನ್ಯಾಯವೇ. ನಾನು ಒಪ್ಪಿದೆ. ಓದಲು ಜಾಗ ಕೊಟ್ಟರೆ ಜನ ಓದದೆ ಇರುತ್ತಾರೆಯೇ ಎಂಬುದು ನನ್ನ ಲೆಕ್ಕ.

ದುರಸ್ತಿ ಶುರುವಾಯಿತು. ಆ ಆರು ತಿಂಗಳು ನನ್ನ ಪಿತ್ತ ಕೆರಳಿದ್ದನ್ನು ಹೇಳುತ್ತ ಹೋದರೆ ಪ್ರಬಂಧ ಮುಗಿಯುವುದಿಲ್ಲ. ಹಾಲಿನ ಗೋಡೆಯ ಮೇಲೆ ಗಾರೆಯಲ್ಲಿ ಕೊರೆದ ಹೂಬಳ್ಳಿಗಳಿದ್ದವು. ನಾನು ಸ್ಕೂಲಿನಿಂದ ಬರುವಷ್ಟರಲ್ಲಿ ಅವುಗಳ ಮೇಲೆ ಸುಣ್ಣ ಬಳಿದಾಗಿತ್ತು. ಮೇಸ್ತ್ರಿಯನ್ನು ಕೇಳಿದರೆ, "ಪಾಚಿ ಅಂದ್ಕಂಡ್ವಿ ಸ್ವಾಮಿ" ಅಂದ. ಹೋಟೆಲಿನವನು ಒಲೆಯ ಹೊಗೆಗಂಡಿಯನ್ನು ನೇರವಾಗಿ ನನ್ನ ಹಾಲಿನ ಕಿಟಕಿಯ ಕೆಳಗೇ ಬಿಟ್ಟ. ಭಜನೆಯವರು ಕೇಳದೆಯೇ ಬಂದು ಮೊಳೆ ಹೊಡೆದು ಹಾರ್ಮೋನಿಯಂ ಪೆಟ್ಟಿಗೆಗೆ ಒಂದು ಹಲಗೆ ಕೂರಿಸಿಕೊಂಡು ಹೋದರು.

ಆದರೆ ದೊಡ್ಡ ಚರ್ಚೆ ಆದದ್ದು ಅಂಗಡಿಯ ಬಾಗಿಲ ಮೇಲೆ. ಬೀದಿ ಕಡೆಗೋ, ಕೆರೆ ಕಡೆಗೋ?

"ಸಂತೆ ಎಲ್ಲೈತೆ?" ರಂಗಪ್ಪನವರು ಕೇಳಿದರು.

"ಕೆರೇಲಿ" ಅಂದರು ಎಲ್ಲರೂ.

"ಮತ್ತೆ ಬಾಗ್ಲು?"

"ಕೆರೆ ಕಡಿಕೇ."

ಮುಗಿಯಿತು. ಕಮಾನುಗಳಿಗೆ ಕೆರೆಯ ಕಡೆಗೆ ಹಲಗೆ ಬಾಗಿಲು ಬಂತು. ಬೀದಿಯ ಧೂಳು, ಬಸ್ಸಿನ ಹೊಗೆ ಬರದಿರಲಿ ಎಂದು ಬೀದಿ ಕಡೆಯ ಕಿಂಡಿಗಳನ್ನೆಲ್ಲ ಕಲ್ಲಿಟ್ಟು ಮುಚ್ಚಿದರು. ಕೆರೆ ಅಂದರೆ ನೀರು ಬರುವ ಜಾಗ ಎಂದು ಸಭೆಯಲ್ಲಿ ಒಬ್ಬನಾದರೂ ಅನ್ನಬೇಡವೇ? ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಎಕನಾಮಿಕ್ಸ್ ಓದಿದ್ದೆ, ಹಿಸ್ಟರಿ ಓದಿದ್ದೆ. ಸುಬೇದಾರ ಅಷ್ಟು ಎತ್ತರಕ್ಕೆ ಮೆಟ್ಟಿಲು ಯಾಕೆ ಕಟ್ಟಿಸಿದ ಎಂದು ಕೇಳಿಕೊಳ್ಳುವುದನ್ನು ಮಾತ್ರ ಯಾವ ಪ್ರೊಫೆಸರೂ ಹೇಳಿಕೊಟ್ಟಿರಲಿಲ್ಲ. ನನ್ನ ಚಿಂತೆಯೆಲ್ಲ ಮೇಲಿನ ಹಾಲಿನದು.

ಬೇಸಿಗೆಯಲ್ಲಿ ಹಾಲು ತೆರೆಯಿತು. ಎರಡು ಮೇಜು, ನಾಲ್ಕು ಬೆಂಚು, ಒಂದು ಕನ್ನಡ ದಿನಪತ್ರಿಕೆ, ಒಂದು ಇಂಗ್ಲಿಷ್ ದಿನಪತ್ರಿಕೆ. ಇಂಗ್ಲಿಷಿನದು ನನ್ನ ಹಟದಿಂದ ಬಂದದ್ದು. ಪತ್ರಿಕೆಗಳು ತುಮಕೂರಿನ ಬಸ್ಸಿನಲ್ಲಿ ಮಧ್ಯಾಹ್ನ ಬರುತ್ತಿದ್ದವು. ಸ್ಕೂಲು ಬಿಟ್ಟ ಮೇಲೆ ನಾನು ಹೋಗಿ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ, ತುಮಕೂರಿನ ಆ ಮುದುಕರ ಹಾಗೆ.

ಜನ ಬಂದರು. ಬರಲಿಲ್ಲ ಅನ್ನಲಾರೆ. ಬಂದು ಬೆಂಚಿನ ಮೇಲೆ ಮಲಗಿದರು. ಕೆರೆಯಂಗಳದಿಂದ ಬೀಸುವ ಗಾಳಿಗೆ ಪೇಪರು ಹಾರಿಹೋಗುತ್ತಿತ್ತು, ಮಲಗಿದವರು ಅಲುಗುತ್ತಿರಲಿಲ್ಲ. ಎಚ್ಚರ ಇದ್ದವರು ಮಾತಾಡುತ್ತಿದ್ದರು. ನಾನು ತುಟಿಯ ಮೇಲೆ ಬೆರಳಿಟ್ಟು ದುರುಗುಟ್ಟುತ್ತಿದ್ದೆ. ಒಂದು ಸಂಜೆ ಗಫಾರ್ ಸಾಹೇಬರು ಹತ್ತಿ ಬಂದು, ಪೇಪರಿನಲ್ಲಿದ್ದ ಒಂದು ಫೋಟೋದ ಮೇಲೆ ಬೆರಳಿಟ್ಟು, "ಮೇಷ್ಟ್ರೇ, ಇವ್ರು ಯಾರು? ಏನ್ ಮಾಡಿದ್ರಂತೆ?" ಅಂದರು. ನಾನು ತುಟಿಯ ಮೇಲೆ ಬೆರಳಿಟ್ಟೆ. ಅವರು ಇನ್ನೂ ಮೆಲ್ಲಗೆ, "ಸ್ವಲ್ಪ ಓದಿ ಹೇಳಿ" ಅಂದರು. ಗೋಡೆಯ ಮೇಲೆ ನಾನೇ ದಪ್ಪಕ್ಷರದಲ್ಲಿ ಬರೆದು ತೂಗುಹಾಕಿದ್ದ 'ನಿಶ್ಶಬ್ದ' ಎಂಬ ಹಲಗೆಯ ಕಡೆ ಕೈ ತೋರಿಸಿದೆ. ಅವರು ಹಲಗೆ ನೋಡಿದರು, ನನ್ನನ್ನು ನೋಡಿದರು, ಟೋಪಿ ಸರಿಮಾಡಿಕೊಂಡು ಇಳಿದು ಹೋದರು.

ಸುಬ್ರಾಯಶೆಟ್ಟರು ದಿನಾ ಒಂದು ಸಲ ಬಂದು ಹಾಲನ್ನು ಉದ್ದಕ್ಕೂ ಅಡ್ಡಕ್ಕೂ ನಡೆದು ನೋಡುತ್ತಿದ್ದರು.

"ಏಂ ಮೇಷ್ಟ್ರೂ, ಎಷ್ಟು ಜನ ಓದಿದ್ರು ಇವತ್ತು?"

"ಓದ್ತಾರೆ ಶೆಟ್ರೇ, ರೂಢಿ ಆಗ್ಬೇಕು."

"ಆಗಲಿ, ಆಗಲಿ. ಆ ಮೂಲೆ ಮೇಲೆ ಸೋರೋದೇನೂ ಇಲ್ಲ ಕದಾ? ಮೆಣಸಿನಕಾಯಿಗೆ ಥಂಡಿ ಆಗಲ್ಲ."

ಮನೆಗೆ ಹೋಗಿ ನಮ್ಮವ್ವನ ಮುಂದೆ ಹಾರಾಡುತ್ತಿದ್ದೆ. ಈ ಊರಿಗೆ ಅಕ್ಷರ ಹತ್ತೋದಿಲ್ಲ, ಇವರಿಗೆ ಅಂಗಡಿಯೇ ಸರಿ, ಸಂತೆಯೇ ಸರಿ ಎಂದು. ಅವ್ವ ಮುದ್ದೆ ತೊಳಸುತ್ತ, "ಮಲಿಕ್ಕಂಡ್ರೆ ಮಲಿಕ್ಕಳ್ಳಿ ಬುಡ್ಲಾ. ನಿನ್ನ ಜಗಲಿಯಿಂದ ಏಳಿಸ್ದೋರ ಹಂಗೆ ನೀನೂ ಏಳಿಸ್ಬ್ಯಾಡ" ಅಂದಳು. ನನಗೆ ಅದೂ ರೇಗಿತು.

ಹೀಗೆ ಬೇಸಿಗೆ ಹೋಯಿತು. ಹಸ್ತೆ ಮಳೆ ಹಿಡಿಯಿತು. ನಮ್ಮ ಕಡೆ ಮಳೆ ಅಂದರೆ ಬಂದು ಮುಖ ತೋರಿಸಿ ಹೋಗುವ ನೆಂಟ. ಆ ವರ್ಷದ್ದು ಹಾಸಿಗೆ ಸುತ್ತಿಕೊಂಡು ಬಂದ ನೆಂಟ. ಮೇಲಿನ ಹಳ್ಳಿಗಳ ಕೆರೆಗಳೆಲ್ಲ ಒಂದರ ಮೇಲೊಂದು ಕೋಡಿಬಿದ್ದು ನೀರೆಲ್ಲ ನಮ್ಮ ಕೆರೆಗೆ ನುಗ್ಗಿತು. ಒಂದು ಬೆಳಗ್ಗೆ ಎದ್ದು ನೋಡಿದರೆ ಕಬಡ್ಡಿ ಮೈದಾನವಿಲ್ಲ, ಸೌತೆಬಳ್ಳಿಯಿಲ್ಲ, ಸಂತೆಯ ಕಟ್ಟೆಗಳಿಲ್ಲ. ಕಣ್ಣು ಹೋದಷ್ಟು ದೂರ ನೀರು. ಅದು ಸುಬೇದಾರನ ಮೆಟ್ಟಿಲನ್ನು ಒಂದೊಂದೇ ಹತ್ತಿ, ನಮ್ಮ ಕಮಿಟಿಯವರು ಅಚ್ಚುಕಟ್ಟಾಗಿ ಇಟ್ಟ ಬಾಗಿಲುಗಳ ಸಂದಿಯಿಂದ ಅಂಗಡಿಗಳ ಒಳಗೆ ಹೋಗುತ್ತಿತ್ತು.

ಇನ್ನು ಆ ದಿನದ ಅಂದಗೇಡು ಕೇಳಬೇಕು. ನಮ್ಮೂರಲ್ಲಿ ಕೆರೆ ತುಂಬಿದರೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ವಾದ್ಯದವರು ಬಂದರು. ಹೆಂಗಸರು ಮೊರದಲ್ಲಿ ಬಾಗಿನ ಹಿಡಿದು ಬಂದರು. ರಂಗಪ್ಪನವರು ಮಡಿಪಂಚೆ ಉಟ್ಟು, ಅಧ್ಯಕ್ಷರಾದ್ದರಿಂದ, ಬಂಗಲೆಯ ಪಕ್ಕದಲ್ಲೇ ನಿಂತು ಗಂಗಮ್ಮನಿಗೆ ಬಾಗಿನ ಬಿಡಬೇಕು. ಒಂದು ಕಡೆ ಓಲಗ, ಇನ್ನೊಂದು ಕಡೆ ಗಫಾರ್ ಸಾಹೇಬರು ತೊಡೆಮಟ್ಟದ ನೀರಲ್ಲಿ ನಿಂತು ಹೊರಗೆ ಉಳಿದಿದ್ದ ಮೊಳೆಯ ಡಬ್ಬವನ್ನು ತಲೆಯ ಮೇಲೆ ಹೊತ್ತುಕೊಂಡು ಬಾಗಿಲು ಎಳೆಯುತ್ತಿದ್ದಾರೆ. ನೀರಿನ ಒತ್ತಡಕ್ಕೆ ಬಾಗಿಲು ತೆರೆಯುತ್ತಿಲ್ಲ.

"ರಂಗಪ್ಪನೋರೇ," ಎಂದು ಅಲ್ಲಿಂದಲೇ ಕೂಗಿದರು, "ನಾನೀಗ ಅಳ್ಬೇಕೋ ನಗ್ಬೇಕೋ, ಒಂದು ಹೇಳ್ಬಿಡಿ!"

"ನಗಿ ಸಾಬ್ರೇ, ನಗಿ! ಕೆರೆ ತುಂಬೈತೆ. ಅತ್ರೆ ಗಂಗಮ್ಮ ಮುನಿಸ್ಕತಾಳೆ!"

ಸಾಹೇಬರು ನಕ್ಕರು. ಶೆಟ್ಟರು ಮಾತ್ರ ನಗಲೂ ಆರದೆ ಅಳಲೂ ಆರದೆ, "ಅಯ್ಯೋ ದೇವುಡಾ, ನಾ ಮಿರಪಕಾಯ!" ಎಂದು ನೀರಿಗೆ ಇಳಿದರು. ಬಾಗಿಲು ಒಡೆದು, ಹಬ್ಬಕ್ಕೆ ಬಂದಿದ್ದ ಜನವೇ ಸಾಲಾಗಿ ನಿಂತು ಸಾಮಾನು ಸಾಗಿಸಿದರು. ಎಲ್ಲಿಗೆ? ನೀರಿಲ್ಲದ, ಬೀದಿ ಕಡೆಯಿಂದ ಮೆಟ್ಟಿಲಿರುವ ಒಂದೇ ಜಾಗಕ್ಕೆ. ನಾನು ಬಾಗಿಲಲ್ಲಿ ಎರಡೂ ಕೈ ಚಾಚಿ ನಿಂತೆ. ನನ್ನ ಕೈ ಕೆಳಗಿನಿಂದಲೇ ಮೂಟೆಗಳು ನುಗ್ಗಿದವು. ಸಂಜೆಯ ಹೊತ್ತಿಗೆ ವಾಚನಾಲಯದ ಮುಕ್ಕಾಲು ಭಾಗ ಒಣಮೆಣಸಿನಕಾಯಿ, ಉಳಿದದ್ದು ಗುದ್ದಲಿ, ಸಲಿಕೆ, ಬಾವಿಯ ರಾಟೆ. ಹೋಟೆಲಿನವನೂ ಒಲೆ ತಂದು ಮೂಲೆಯಲ್ಲಿಟ್ಟ. ಮೇಜಿನ ಮೇಲೆ ಇಡ್ಲಿ ಪಾತ್ರೆ.

ದೀಪಾವಳಿಗೆ ಇನ್ನು ಸ್ವಲ್ಪವೇ ದಿನ ಉಳಿದಿತ್ತು. ಶೆಟ್ಟರು ಒಂದು ಮೂಟೆಯ ಮೇಲೆ ಕೂತು ಗೋಡೆಗೆ ಒರಗಿ, "ಚಾನಾ ಬಾಗುಂದಿ ಮೇಷ್ಟ್ರೂ. ಒಂಚೂರೂ ಥಂಡಿ ಇಲ್ಲ. ಇನ್ನು ಮೂಟೆ ಇಳಿಸೋ ಕೆಲ್ಸ ಬೇಡ ಅನ್ಸುತ್ತೆ" ಅಂದರು.

ಆದರೂ ನಾನು ಹೋಗುವುದನ್ನು ಬಿಡಲಿಲ್ಲ. ಬಿಟ್ಟರೆ ಸೋತ ಹಾಗೆ. ಮೂಟೆಗಳ ನಡುವೆ ಕುರ್ಚಿ ತೂರಿಸಿಕೊಂಡು ಕೂತೆ. ಸಂತೆಯಿಲ್ಲ, ಗಿರಾಕಿಯಿಲ್ಲ, ಅಂಗಡಿಯವರಿಗೆಲ್ಲ ಕೆಲಸವಿಲ್ಲ. ಅವರು ಕಿಟಕಿಯಲ್ಲಿ ನೀರು ನೋಡುವುದು, ನನ್ನನ್ನು ನೋಡುವುದು, ಆಕಳಿಸುವುದು. ಮೂರನೆಯ ದಿನ ಗಫಾರ್ ಸಾಹೇಬರಿಗೆ ತಡೆಯಲಾಗಲಿಲ್ಲ.

"ಅರೆ ಮೇಷ್ಟ್ರೇ, ಒಬ್ಬರೇ ನುಂಗ್ತೀರಲ್ಲ. ಏನೈತೆ ಅದರಲ್ಲಿ? ಸ್ವಲ್ಪ ಕಕ್ರಿ!"

ನನ್ನ ಸಹನೆಯ ಕೋಡಿಯೂ ಬಿತ್ತು. "ಪತ್ರಿಕೆ ಅಲ್ಲೇ ಇದೆಯಲ್ಲ! ಬೇಸಿಗೆಯಿಂದ ಅಲ್ಲೇ ಇದೆ! ಎತ್ಕೊಂಡು ಓದೋಕೆ ಏನ್ ದಾಡಿ ನಿಮಗೆಲ್ಲ? ಇಷ್ಟು ದೊಡ್ಡ ವ್ಯಾಪಾರ ಮಾಡ್ತೀರಿ, ಅಕ್ಷರ ಬರಲ್ವಾ?"

"ಬರುತ್ತೆ" ಅಂದರು ಸಾಹೇಬರು. "ಉರ್ದು ಬರುತ್ತೆ. ಮದರಸಾದಲ್ಲಿ ಓದಿದ್ದು. ಚೆನ್ನಾಗೇ ಓದ್ತೀನಿ."

"ನಾಕು ತೆಲುಗು" ಅಂದರು ಶೆಟ್ಟರು, ಸ್ವಲ್ಪ ಎದೆಯುಬ್ಬಿಸಿ. "ನಮ್ಮ ಮಡಕಶಿರಾ ಬಳಿ ಅಯ್ಯವಾರು ಕಲಿಸಿದ್ದು."

ಹೋಟೆಲಿನವನಿಗೆ ತುಳು ಮಾತು, ಲೆಕ್ಕ ಮಾತ್ರ ಕನ್ನಡದ್ದು. ಉಳಿದವರೆಲ್ಲ ಹೆಬ್ಬೆಟ್ಟು.

ನನಗೆ ಮತ್ತಷ್ಟು ರೇಗಿತು. "ಇದನ್ನ ಮೊದಲೇ ಹೇಳ್ಬಾರದಾಗಿತ್ತಾ?"

"ಹೇಳೋದ್ ಹೆಂಗೆ?" ಅಂದರು ಸಾಹೇಬರು. "ಬಾಯಿ ತೆಗದ್ರೆ ನೀವು ಬೆರಳು ಇಡ್ತಿದ್ರಿ. ಗೋಡೆ ಮೇಲಿನ ಹಲಗೆ ತೋರಿಸ್ತಿದ್ರಿ. ಆ ಹಲಗೆ ನಂಗೆ ಹೆಂಗೆ ಗೊತ್ತಾಗ್ಬೇಕು? ಸಾಲ ಕೇಳಬಾರದು ಅಂತ ಬರದಿರಬೇಕು ಅಂದ್ಕೊಂಡೆ."

ಆ ದಿನ ನಾನು ಗಟ್ಟಿಯಾಗಿ ಓದಿದೆ. ಇಷ್ಟಪಟ್ಟು ಓದಿದ್ದಲ್ಲ, ಕೋಪಕ್ಕೆ ಓದಿದ್ದು. ಮೊದಲ ಪುಟದಿಂದ ಕೊನೆಯ ಪುಟದ ಟೆಂಡರ್ ನೋಟೀಸಿನವರೆಗೆ ಒಂದೇ ಉಸಿರಿಗೆ ಒದರಿದೆ. ಟೆಂಡರ್ ನೋಟೀಸನ್ನು ಜನ ಹರಿಕಥೆಯ ಹಾಗೆ ಕೇಳಿದರು. ಮಾರನೆಯ ದಿನ ಇನ್ನಷ್ಟು ಜನ. ನೀರು ನೋಡಲು ಅಂತ ಸುತ್ತಲ ಹಳ್ಳಿಯಿಂದ ಬಂದವರೆಲ್ಲ ಮೆಟ್ಟಿಲು ಹತ್ತಿ ಬಂದು ಮೂಟೆಗಳ ಮೇಲೆ ಕೂತರು. ಯಾವುದೋ ಊರಿನ ಕೊಲೆ ಮೊಕದ್ದಮೆ ಅರ್ಧಕ್ಕೆ ನಿಂತಿದ್ದರೆ, "ನಾಳೆ ಏನಾಯ್ತದೆ ಮೇಷ್ಟ್ರೇ?" ಎಂದು ನನ್ನನ್ನೇ ಕೇಳುವರು, ನಾನೇ ಕೊಲೆ ಮಾಡಿಸಿದವನ ಹಾಗೆ. ಸಾಹೇಬರು ಬೆಂಗಳೂರಿನಿಂದ ಉರ್ದು ಪತ್ರಿಕೆ ತರಿಸಿದರು. ಶೆಟ್ಟರು ಹಿಂದೂಪುರದ ಬಸ್ಸಿನಲ್ಲಿ ತೆಲುಗಿನದು ತರಿಸಿದರು. ಒಂದೇ ಸುದ್ದಿ ಮೂರು ಭಾಷೆಯಲ್ಲಿ ಮೂರು ಥರ ಇರುತ್ತಿತ್ತು. ಅದರ ಮೇಲೆ ಜಗಳ. ನಾನು ತುಮಕೂರಿನಲ್ಲಿ ಕಂಡ ವಾಚನಾಲಯ ಇದಾಗಿರಲಿಲ್ಲ. ಇದು ಸಂತೆ. ಕೆರೆಯಿಂದ ಎದ್ದು ನನ್ನ ಹಾಲಿಗೆ ಬಂದು ಕೂತ ಸಂತೆ.

ಜೊತೆಗೆ ಆ ಮೆಣಸಿನಕಾಯಿ! ಜನ ಮೂಟೆಯ ಮೇಲೆ ಕೂತಾಗಲೊಮ್ಮೆ, ಎದ್ದಾಗಲೊಮ್ಮೆ ಘಾಟು ಏಳುವುದು. ಪತ್ರಿಕೆ ಬಿಡಿಸಿದರೆ ಮಡಿಕೆಯೊಳಗಿಂದ ಕೆಂಪು ಪುಡಿ. ಪ್ರಧಾನಮಂತ್ರಿಗಳ ಭಾಷಣದ ನಡುವೆ ಇಡೀ ಹಾಲು ಸೀನುತ್ತಿತ್ತು. ಸಾಹೇಬರು ಬಿಡುವಿನಲ್ಲಿ ಕನ್ನಡ ಅಕ್ಷರ ಕಲಿಸಿ ಎಂದು ನನ್ನ ಬೆನ್ನು ಹತ್ತಿದರು. ಐವತ್ತು ದಾಟಿದ ಮನುಷ್ಯ. ಒಂದು ಅಕ್ಷರಕ್ಕೆ ಒಂದು ಸಂಜೆ. ಬಲದಿಂದ ಎಡಕ್ಕೆ ಶುರುಮಾಡುವರು. ತಿದ್ದಿದರೆ, "ಹೌದು ಹೌದು, ನಿಮ್ದು ಉಲ್ಟಾ" ಅನ್ನುವರು. ಸ್ಕೂಲಿನಲ್ಲಿ ದಿನವಿಡೀ ಒದರಿ, ಇಲ್ಲಿ ಬಂದು ಘಾಟಿನಲ್ಲಿ ಒದರಿ, ದೀಪಾವಳಿಯ ಹಿಂದಿನ ವಾರ ನನ್ನ ಗಂಟಲು ಪೂರ್ತಿ ಕಟ್ಟಿಹೋಯಿತು. ಅವ್ವ ಮೆಣಸಿನ ಕಷಾಯ ಮಾಡಿಕೊಟ್ಟಳು. ಮೆಣಸು ಎಂಬ ಹೆಸರು ಕೇಳಿಯೇ ನನಗೆ ಅಳು ಬಂತು.

ಸರಿಯಾಗಿ ಅದೇ ಹೊತ್ತಿಗೆ ರಂಗಪ್ಪನವರು ತೀರ್ಮಾನ ಮಾಡಲು ಬಂದರು.

ಅಂದು ಸಂಜೆ ಹಾಲು ತುಂಬಿತ್ತು. ಮಳೆಗೆ ಹಿಂದೂಪುರದ ರಸ್ತೆ ಕಿತ್ತುಹೋಗಿ ತೆಲುಗು ಪತ್ರಿಕೆ ಬಂದಿರಲಿಲ್ಲ. ಉರ್ದುವೂ ಇಂಗ್ಲಿಷೂ ಬಂದಿರಲಿಲ್ಲ. ಬಂದದ್ದು ಕನ್ನಡದ್ದೊಂದೇ. ಜನ ಕಾದು ಕೂತಿದ್ದಾರೆ, ನನಗೆ ಬಾಯಿಂದ ಗಾಳಿ ಬಿಟ್ಟರೆ ಬೇರೇನೂ ಬರುತ್ತಿಲ್ಲ. ರಂಗಪ್ಪನವರು ಬಾಗಿಲಲ್ಲಿ ನಿಂತು ಛತ್ರಿ ಮಡಿಸಿದರು.

"ಜನ ಔರೆ. ಓದೋರೆಲ್ಲಿ?" ಅಂದರು.

ನಾನು ಗಂಟಲು ತೋರಿಸಿದೆ. ಕೈಸನ್ನೆ ಮಾಡಿದೆ. ಏನೋ ಗೊರಗೊರ ಅಂದೆ.

"ಅದೇ ಕಣಪ್ಪ. ಇದ್ದೋನು ನೀನೊಬ್ಬ. ನಿನ್ ಗಂಟ್ಲು ಹೋದ್ರೆ ವಾಚನಾಲಯ ಹೋಯ್ತು. ನಾ ಹೇಳಿದ್ದು ಓದೋ ಜನ, ಕೂರೋ ಜನ ಅಲ್ಲ." ಅವರ ದನಿಯಲ್ಲಿ ಸಂಕಟವಿತ್ತು. ಆದರೂ ಅವರು ಶೆಟ್ಟರ ಕಡೆ ತಿರುಗಿದರು. ಶೆಟ್ಟರು ಮೂಟೆಯ ಮೇಲಿಂದ ಇಳಿದು ಪಂಚೆ ಕೊಡವಿಕೊಂಡರು.

ಆಗ ಗಫಾರ್ ಸಾಹೇಬರು ಎದ್ದು ನನ್ನ ಕೈಯಿಂದ ಪತ್ರಿಕೆ ಕಿತ್ತುಕೊಂಡರು. ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು. ಎಡಗಡೆ ಯಾವುದು ಎಂದು ಒಂದು ಸಲ ಯೋಚಿಸಿ, ಬೆರಳಿಟ್ಟು ಶುರುಮಾಡಿದರು.

"ಒ..."

ಹಾಲಿನವರೆಲ್ಲ ಅವರ ಕಡೆ ತಿರುಗಿದರು.

"ಒ... ಣ... ಒಣ. ಮೆ... ಣ... ಸಿ..."

"ಒಣಮೆಣಸಿನಕಾಯಿ!" ಎಂದು ಶೆಟ್ಟರು ಕಿರುಚಿ ಮುಂದಕ್ಕೆ ಹಾರಿದರು. "ಇಲ್ಲಿ ಕೊಡಯ್ಯಾ ಸಾಬೂ, ಆಮೇಲಿಂದು ಏಮುಂದಿ, ನಾನು ಓದ್ತೀನಿ. ನಿಮ್ ಕನ್ನಡ ಅಕ್ಷರ ಎಲ್ಲಾ ನಮ್ ತೆಲುಗಿನವೇ!"

"ಕೊಡಲ್ಲ" ಅಂದರು ಸಾಹೇಬರು, ಪತ್ರಿಕೆಯನ್ನು ಎದೆಗೆ ಅವುಚಿಕೊಂಡು. "ಆರಂಭ ನಂದು. ಮುಗಿಸೋದೂ ನಂದೇ. ಕೂತ್ಕೊಳ್ಳಿ ಶೆಟ್ರೇ."

"ಅವ್ರೇ ಓದ್ಲಿ ಬುಡಿ" ಅಂದರು ರಂಗಪ್ಪನವರು.

ಶೆಟ್ಟರು ಕೂತರು. ಸಾಹೇಬರು ತಾವು ಎಲ್ಲಿದ್ದೆವೆಂದು ಮರೆತು ಮತ್ತೆ ಒ-ಯಿಂದ ಶುರುಮಾಡಿದರು. ಕಾಯಿ ಮುಗಿಯಿತು. ಮುಂದಿನ ಪದ. "ಧಾ..." ಅಲ್ಲಿ ನಿಂತರು. ನನಗೆ ಉತ್ತರ ಗೊತ್ತು, ಬಾಯಿ ಬರುತ್ತಿಲ್ಲ. ಬೆವರುತ್ತ ತೊಡೆ ಚಿವುಟಿಕೊಂಡೆ. "ರ... ಣೆ. ಧಾರಣೆ!" ಹಾಲಿನಲ್ಲಿದ್ದವರು ಅರ್ಧಕ್ಕರ್ಧ ಜನ ಮೆಣಸಿನಕಾಯಿ ಬೆಳೆದವರೇ. ಇನ್ನು ಉಳಿದಿರುವುದು ಒಂದೇ ಪದ, ಅದು ಏರಿಕೆ ಆಗಿರಬೇಕು, ಇಲ್ಲ ಇಳಿಕೆ ಆಗಿರಬೇಕು ಎಂದು ಎಲ್ಲರಿಗೂ ಹೊಳೆಯಿತು. ಯಾರೂ ಕೆಮ್ಮಲಿಲ್ಲ. ಹೋಟೆಲಿನವನು ಒಲೆ ಊದುವುದನ್ನು ನಿಲ್ಲಿಸಿದ. ಕೆಳಗೆ ಕಮಾನಿನ ಕಲ್ಲಿಗೆ ನೀರು ಬಡಿಯುವುದು ಮೇಲಕ್ಕೆ ಕೇಳಿಸಿತು.

ಸಾಹೇಬರು ಆ ಪದದ ಮೊದಲ ಅಕ್ಷರವನ್ನು ನೋಡಿದರು. ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡರು. ಮತ್ತೆ ನೋಡಿದರು.

"ಇದು ನೀವು ಹೇಳಿಕೊಟ್ಟಿಲ್ಲ" ಅಂದರು ನನಗೆ.

ಹೇಳಿಕೊಟ್ಟಿದ್ದೆ! ಆ ಅಕ್ಷರಕ್ಕೆ ಒಂದು ಇಡೀ ಸಂಜೆ ಸುರಿದಿದ್ದೆ! ನಾನು ಎದ್ದು ಗಾಳಿಯಲ್ಲಿ ಬೆರಳಿನಿಂದ ಬರೆದು ತೋರಿಸಿದೆ. ಸಾಹೇಬರು ನನ್ನ ಬೆರಳು ನೋಡಿದರು, ಪತ್ರಿಕೆ ನೋಡಿದರು.

"ಏ..." ಅಂದರು.

ಮುಂದಿನದನ್ನು ಓದುವ ಪುರಸೊತ್ತು ಯಾರೂ ಕೊಡಲಿಲ್ಲ. ಶೆಟ್ಟರು ಒಂದೇ ನೆಗೆತಕ್ಕೆ ಮೂಟೆಯ ಕಿವಿ ಹಿಡಿದಿದ್ದರು. "ಪಟ್ಟಂಡಿ, ಪಟ್ಟಂಡಿ! ಹಿಡೀರಪ್ಪಾ! ಲಾರಿ ಎಲ್ಲಿ? ನಾಳೆ ಬೆಳಗ್ಗೆ ತುಮಕೂರು ಮಂಡಿಯಲ್ಲಿ ಇರ್ಬೇಕು!" ಬೆಳೆದವರು ತಂತಮ್ಮ ಮನೆಯ ಅಟ್ಟದ ಕಡೆ ಓಡಿದರು. ಉಳಿದವರು ಮೂಟೆ ಹೊತ್ತರು. ನನ್ನ ಕಾಲ ಮೇಲೆ ಹೆಜ್ಜೆಯಿಟ್ಟುಕೊಂಡು ಇಡೀ ಗೋಡೌನು ಮೆಟ್ಟಿಲಿಳಿದು ಹೋಯಿತು. ಸಾಹೇಬರೂ ಶೆಟ್ಟರಿಗೆ ಹೆಗಲು ಕೊಡಲು ಇಳಿದು ಹೋದರು.

ಹಾಲಿನಲ್ಲಿ ಉಳಿದವರು ನಾನು, ರಂಗಪ್ಪನವರು, ನೆಲದ ತುಂಬ ಮೆಣಸಿನಕಾಯಿ ಬೀಜ.

ರಂಗಪ್ಪನವರು ಖಾಲಿ ಹಾಲನ್ನು ಒಂದು ಸುತ್ತು ನೋಡಿದರು. "ಅಲ್ಲ ಕಣಪ್ಪ, ಒಂದು ಸಾಲು ಓದಿದ್ಕೇ ಇಷ್ಟು ಮೂಟೆ ಎದ್ದೋದ್ವು. ಇನ್ನು ಇದನ್ನ ಗೋಡೌನ್ ಮಾಡಿ ಏನ್ ಸುಖ? ಹಾಲು ನಿಂದೇ, ಇಟ್ಕೋ" ಅಂದರು. ಛತ್ರಿ ಹಿಡಿದು ಬಾಗಿಲ ತನಕ ಹೋದವರು ತಿರುಗಿ, "ಅಂಗ್ಡಿ ಬಾಗ್ಲು ಮಾತ್ರ ಬೀದಿ ಕಡಿಕೆ ತಿರುಗಿಸ್ಬೇಕು. ಯಾವ ಬಡ್ಡೀಮಗ ಕೆರೆ ಕಡಿಕೆ ಇಡಿಸಿದ್ನೋ" ಎಂದು ಬಯ್ದುಕೊಂಡು ಇಳಿದರು.

ಕೊನೆಗೂ ಸದ್ದಿಲ್ಲ. ಕಿಟಕಿಯಲ್ಲಿ ತುಂಬಿದ ಕೆರೆ, ಸುಬೇದಾರನಿಗೆ ಸಿಗುತ್ತಿದ್ದಂಥ ಗಾಳಿ. ಬೆಂಚಿನ ಮೇಲೆ ಆ ದಿನದ ಪತ್ರಿಕೆ ಬಿದ್ದಿತ್ತು. ಮೇಜು ಒರೆಸಿ, ಪತ್ರಿಕೆಯನ್ನು ನೆಟ್ಟಗೆ ಮಡಿಸಿ ಮುಂದಿಟ್ಟುಕೊಂಡು, ಕುರ್ಚಿ ಎಳೆದುಕೊಂಡು ಕೂತೆ. ಮೊದಲ ಸಾಲಿಗೆ ಕಣ್ಣು ಹಾಕಿರಲಿಲ್ಲ, ಕೆಳಗೆ ಮೆಟ್ಟಿಲ ಬುಡದಿಂದ ಗಫಾರ್ ಸಾಹೇಬರ ಗಂಟಲು ಕೇಳಿಸಿತು:

"ಮೇಷ್ಟ್ರೇ! ಆ ಪೇಪರ್ ಮುಟ್ಬೇಡಿ! ಎರಡನೇ ಸಾಲು ನಂದು ಬಾಕಿ ಐತೆ, ಬಂದೆ!"